ಅಮ್ಮನ ರೂಢಿ ಹಾಳೆ

ಮಾರ್ಚ್ 3, ಸೋಮವಾರ

ಅಮ್ಮನನ್ನು ಇವತ್ತು ಆಸ್ಪತ್ರೆಯಿಂದ ಕರೆತಂದೆವು. ಕರೆತಂದೆವು ಅನ್ನುವುದು ಮರ್ಯಾದೆಯ ಮಾತು, ಹೊತ್ತು ತಂದೆವು. ಹೊತ್ತವರಿಗೆ ದಾರಿಯುದ್ದಕ್ಕೂ ಪಾಠ. "ಮೊಣಕಾಲು ಮಡಚಿ ಎತ್ತು, ಬೆನ್ನು ಬಗ್ಗಿಸ್ಬೇಡ. ಇಲ್ದಿದ್ರೆ ನಾಳೆ ನನ್ನ ಪಕ್ಕದ ಮಂಚ ನಿಂದೇ." ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡವಳು ಅವಳು, ಬೆವರಿ ಒದ್ದೆಯಾದವರು ನಾವು.

ಮಹಡಿಯ ಮೇಲಿರುವ ನಮ್ಮ ವಾಸದ ಮನೆಗೆ ಇನ್ನು ಅವಳು ಹತ್ತುವಂತಿಲ್ಲ. ಕೆಳಗೆ ಎರಡನೇ ಕೋಣೆ ಖಾಲಿ ಇತ್ತು. ನಲವತ್ತು ವರ್ಷ ಈ ವೃದ್ಧರ ಮನೆಯನ್ನು ಆಳಿದವಳು ಇವತ್ತಿನಿಂದ ಅದೇ ಮನೆಯ ಎರಡನೇ ಕೋಣೆಯವಳು. ನಾನು ಇದಕ್ಕೆ ಅಳಬೇಕಿತ್ತೋ ಏನೋ. ಅಳುವುದಕ್ಕೆ ಅವಳು ಬಿಡಬೇಕಲ್ಲ!

ಮಂಚಕ್ಕೆ ಇಳಿಸುವ ಮೊದಲೇ ಕೈ ಅಡ್ಡ ಹಿಡಿದು ಕೇಳಿದಳು. "ನನ್ನ ಹಾಳೆ ಎಲ್ಲಿ?"

"ಯಾವ ಹಾಳೆ?"

"ರೂಢಿ ಹಾಳೆ ಕಣೇ. ಹಾಳೆ ತುಂಬಿಸ್ದೆ ಯಾರನ್ನೂ ಹಾಸಿಗೆಗೆ ಹಾಕಬಾರ್ದು. ಈ ಮನೆ ನಿಯಮಾನ ನಿಂಗೆ ನಾನು ಹೇಳ್ಕೊಡ್ಬೇಕಾ?"

"ಅಮ್ಮ, ನಿಂಗ್ಯಾಕೆ ಹಾಳೆ? ನೀನು ನಮಗೆ ಗೊತ್ತಿಲ್ವಾ?"

"ಗೊತ್ತಿದ್ರೆ ಬರಿ. ಐದು ನಿಮಿಷದ ಕೆಲಸ."

ಸ್ಟ್ರೆಚರ್ ಹಿಡಿದವರು ನನ್ನ ಮುಖ ನೋಡಿದರು. ನಾಳೆ ಬರೀತೀನಿ ಅಂದೆ. "ನಾಳೆ ಬರೀತೀನಿ ಅಂದ ಮೂವರನ್ನ ನಾನು ಕೆಲಸದಿಂದ ತೆಗೆದಿದ್ದೀನಿ" ಅಂದಳು. ಕೆಲಸದವರ ಮುಂದೆ! ನನಗೀಗ ಐವತ್ತೆರಡು ವರ್ಷ.

ಮಾರ್ಚ್ 4, ಮಂಗಳವಾರ

ಈ ಹಾಳೆಯ ಕಥೆಯನ್ನು ಬಂದುಹೋದವರಿಗೆಲ್ಲ ನೂರು ಸಲ ಹೇಳಿದ್ದೇನೆ. ಇವತ್ತು ಸಿಟ್ಟಿನಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಅಪ್ಪನ ತಾಯಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಊರಿಗೆಲ್ಲ ಆಯಾಜ್ಜಿ. ಅವಳಿದ್ದ ವಾರ್ಡಿನಲ್ಲಿ ಒಬ್ಬ ಹೆಂಗಸಿಗೆ ಅರ್ಧ ಮೈ ಸ್ವಾಧೀನ ತಪ್ಪಿ ಮಾತು ಹೋಗಿತ್ತು. ಗುಣವಾಗುವಷ್ಟು ಗುಣವಾದಳು, ಆದರೆ ಕರೆದುಕೊಂಡು ಹೋಗಲು ಒಂದು ನರಪಿಳ್ಳೆಯೂ ಬರಲಿಲ್ಲ. ಮಂಚ ಖಾಲಿ ಮಾಡಿಸಿ ಅಂತ ಮೇಲಿನವರು ಹೇಳಿದರು. ಆಯಾಜ್ಜಿ ಯಾರನ್ನೂ ಕೇಳಲಿಲ್ಲ. ತಳ್ಳುಗಾಡಿಯಲ್ಲಿ ಅವಳನ್ನು ಕೂರಿಸಿ ತನ್ನ ಮನೆಗೆ ತಳ್ಳಿಕೊಂಡು ಬಂದುಬಿಟ್ಟಳು. ನಮ್ಮ ವೃತ್ತಿ ಶುರುವಾಗಿದ್ದು ಹಾಗೆ.

ಹನ್ನೊಂದು ದಿನ ಹೊಗೆಯಾಡುವ ಬಿಸಿನೀರಲ್ಲಿ ಸ್ನಾನ ಮಾಡಿಸಿದಳು. ಹನ್ನೊಂದು ದಿನವೂ ಆ ಹೆಂಗಸಿನ ಕಣ್ಣಲ್ಲಿ ನೀರು. ಪಾಪ, ಸುಖಕ್ಕೆ ಅಳುತ್ತಿದ್ದಾಳೆ ಅಂದುಕೊಂಡು ಆಯಾಜ್ಜಿ ಇನ್ನೊಂದು ಚೊಂಬು ಹೆಚ್ಚಾಗಿಯೇ ಹೊಯ್ಯುತ್ತಿದ್ದಳು. ಹನ್ನೆರಡನೇ ದಿನ ಎಲ್ಲಿಂದಲೋ ಅವಳ ತಂಗಿ ಹುಡುಕಿಕೊಂಡು ಬಂದು ಬಾಗಿಲಲ್ಲೇ ಕೂಗಿಕೊಂಡಳಂತೆ: "ಅಯ್ಯೋ, ನಮ್ಮಕ್ಕ ಹುಟ್ಟಿದಾಗಿಂದ ತಣ್ಣೀರಿನವಳು! ಬಿಸಿನೀರು ಬಿದ್ರೆ ಮೈಯೆಲ್ಲ ಉರಿ ಅಂತಾಳೆ!"

ಆಯಾಜ್ಜಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಅವಳಿಗೆ ಓದುಬರಹ ಬರುತ್ತಿರಲಿಲ್ಲ. ಆಗ ಶಾಲೆಗೆ ಹೋಗುತ್ತಿದ್ದ ನನ್ನ ಅಪ್ಪನನ್ನು ಕೂರಿಸಿಕೊಂಡು ಒಂಬತ್ತು ಪ್ರಶ್ನೆ ಬರೆಸಿದಳು. ನೀರು ಎಷ್ಟು ಬಿಸಿ, ಯಾವ ಮಗ್ಗುಲು, ಮಲಗುವಾಗ ದೀಪ ಬೇಕೋ ಬೇಡವೋ, ಏನೆಂದು ಕರೆದು ಎಬ್ಬಿಸಬೇಕು, ಎದ್ದ ಕೂಡಲೇ ಏನು ಕೊಡಬೇಕು, ತಟ್ಟೆಯಲ್ಲಿ ಏನು ಇಡಬಾರದು, ಯಾವುದಕ್ಕೆ ಹೆದರುತ್ತಾರೆ, ಯಾವ ಮಾತು ಎತ್ತಬಾರದು, ಅತ್ತರೆ ಯಾರನ್ನು ಕರೆಯಬೇಕು. ತುಂಬಿಸಬೇಕಾದವರು ತಂದು ಬಿಡುವವರು. ಅರವತ್ತೈದು ವರ್ಷದಿಂದ ಒಬ್ಬರಿಗೂ ಇದು ತಪ್ಪಿಲ್ಲ.

ಇವತ್ತು ಅಮ್ಮನದನ್ನು ತುಂಬಿಸಿದೆ. ಐದಲ್ಲ, ನಾಲ್ಕೇ ನಿಮಿಷ. ಪೆನ್ನು ಎಲ್ಲೂ ತಡವರಿಸಲಿಲ್ಲ. ತೆಗೆದುಕೊಂಡು ಹೋಗಿ ಅವಳ ಎದೆಯ ಮೇಲಿಟ್ಟು ಬಂದೆ.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಕರೆಸಿದಳು. ಕನ್ನಡಕ ಹಾಕಿಕೊಂಡು ಹಾಳೆ ಹಿಡಿದು ಕೂತಿದ್ದಳು.

"ಚೆನ್ನಾಗಿ ಬರ್ದಿದ್ದೀಯ. ಉಗುರುಬೆಚ್ಚಗಿನ ನೀರು. ಬಲ ಮಗ್ಗುಲು, ಗೋಡೆ ಕಡೆ ಮುಖ. ಕಾಲ ಹತ್ರ ಸಣ್ಣ ದೀಪ. ಎದ್ದ ಕೂಡ್ಲೇ ಸಕ್ಕರೆ ಇಲ್ದ ಹಾಲು. ಗುಡುಗಿಗೆ ಹೆದರ್ತಾರೆ. ಒಂಬತ್ತಕ್ಕೆ ಒಂಬತ್ತೂ ಸರಿ."

ನನಗೆ ಹೆಮ್ಮೆಯಾಯಿತು. ಹಾಗಾದ ಹೆಮ್ಮೆಗೆ ಈಗ ನಾಚಿಕೆಯಾಗುತ್ತಿದೆ.

"ಆದ್ರೆ ಇದು ನಾನಲ್ಲ" ಅಂದಳು ಅಮ್ಮ. "ಇದು ದರ್ಜಿಯಮ್ಮ."

ದರ್ಜಿಯಮ್ಮ ಏಳನೇ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದವಳು. ಬಟ್ಟೆ ಹೊಲಿದು ಬದುಕಿದ ಒಂಟಿ ಹೆಂಗಸು. ನಾನು ಅಕ್ಷರ ಕಲಿತದ್ದು ಅವಳ ಮಂಚದ ಮೇಲೆ, ಮಗ್ಗಿ ಒಪ್ಪಿಸಿದ್ದು ಅವಳಿಗೆ, ಹಲ್ಲು ಬಿದ್ದಾಗ ತೋರಿಸಲು ಓಡಿದ್ದು ಅವಳ ಹತ್ತಿರ. ಗುಡುಗಿದರೆ ನಾವಿಬ್ಬರೂ ಒಂದೇ ಹೊದಿಕೆಯೊಳಗೆ. ಅವಳು ಹೋಗಿ ಮೂವತ್ತು ವರ್ಷವಾಯಿತು. ಅವಳ ಒಂಬತ್ತೂ ಉತ್ತರ ನನ್ನ ಕೈಯಲ್ಲಿ ಹಾಗೇ ಉಳಿದಿವೆ. ಅಮ್ಮ ಅಂತ ಹಾಳೆಯ ತುದಿಯಲ್ಲಿ ಬರೆದು, ಕೆಳಗೆ ದರ್ಜಿಯಮ್ಮನನ್ನು ತುಂಬಿಸಿದ್ದೆ.

ತಪ್ಪಾಯ್ತು ಅನ್ನಬಹುದಿತ್ತು. ಬಾಯಿಂದ ಬಂದದ್ದು ಬೇರೆ. "ಮತ್ತೆ ಇನ್ಯಾರು ನೆನಪಿರ್ತಾರೆ? ನಂಗೆ ಜ್ವರ ಬಂದಾಗ ಹಣೆ ಮೇಲೆ ಬಟ್ಟೆ ಹಾಕಿದ್ದು ಅವಳು. ನೀನೆಲ್ಲಿದ್ದೆ? ಮೂರನೇ ಕೋಣೇಲಿ!"

"ಮೂರನೇ ಕೋಣೆಯವರಿಗೆ ನಿಂಗಿಂತ ಜಾಸ್ತಿ ಜ್ವರ ಇತ್ತು."

ಹೀಗೆ ಹೇಳುವವಳ ಜೊತೆ ಏನು ಮಾತಾಡುವುದು? ಬಾಗಿಲು ಎಳೆದುಕೊಂಡು ಬಂದೆ. ನಮ್ಮಲ್ಲಿ ಬಾಗಿಲುಗಳಿಗೆ ರಬ್ಬರ್ ಪಟ್ಟಿ ಹಾಕಿಸಿದ್ದೇವೆ. ಸಿಟ್ಟಿನಿಂದ ಬಡಿದರೂ ಸದ್ದಾಗುವುದಿಲ್ಲ.

ಮಾರ್ಚ್ 6, ಗುರುವಾರ

ಮಾತಿಲ್ಲ. ಅವಳೂ ಆಡಲಿಲ್ಲ, ನಾನೂ ಆಡಲಿಲ್ಲ. ನರ್ಸಿಂಗ್ ಓದಿ ಬಂದು ನಮ್ಮಲ್ಲೇ ಕೆಲಸ ಮಾಡುವ ನನ್ನ ಮಗಳು ಅತ್ತಿಂದಿತ್ತ ಅಂಚೆಯವಳು.

ಮಾರ್ಚ್ 8, ಶನಿವಾರ

ಮಧ್ಯಾಹ್ನ ಐದನೇ ಕೋಣೆಯವರು ಕರೆಗಂಟೆ ಒತ್ತಿದರು. ಅಷ್ಟೇ. ಇತ್ತ ಎರಡನೇ ಕೋಣೆಯಲ್ಲಿ ನಮ್ಮಮ್ಮ ಹೊದಿಕೆ ಸರಿಸಿ ಎರಡೂ ಕಾಲು ಕೆಳಗೆ ಬಿಟ್ಟು ಹೊರಟೇಬಿಟ್ಟಿದ್ದಾಳೆ! ಮಗಳು ನೋಡಿ ಹಿಡಿಯದಿದ್ದರೆ ಇನ್ನೊಂದು ಸೊಂಟವೂ ಹೋಗುತ್ತಿತ್ತು.

"ಗಂಟೆ ನಿಂಗಲ್ಲ ಅಮ್ಮ!" ಅಂತ ಕಿರುಚಿದೆ.

"ಅದು ನಂಗೆ ಗೊತ್ತು. ಕಾಲಿಗೆ ಗೊತ್ತಾಗ್ಬೇಕಲ್ಲ."

ಆಮೇಲೆ, ಟೀ ತಣ್ಣಗಾಗಿದೆ ಅನ್ನುವ ದನಿಯಲ್ಲೇ ಹೇಳಿದಳು. "ನಾನು ಎದುರಿನ ಮನೆಗೆ ಹೋಗ್ತೀನಿ."

ಎದುರಿನ ಮನೆ ಅಂದರೆ ರಸ್ತೆಯಾಚೆ ಎರಡು ವರ್ಷದ ಹಿಂದೆ ಎದ್ದ ಮೂರು ಮಹಡಿಯ ಕಂಪನಿ ವೃದ್ಧಾಶ್ರಮ. ನಮ್ಮ ಒಂಬತ್ತು ಜನರನ್ನು ಎಳೆದುಕೊಂಡು ಹೋಗಿದೆ. ಅದಕ್ಕೆ ಗಾಜಿನ ಪೆಟ್ಟಿಗೆ ಅಂತ ಹೆಸರಿಟ್ಟವಳೇ ಇವಳು.

"ತಲೆ ಕೆಟ್ಟಿದ್ಯಾ? ಇಲ್ಲಿ ಏನು ಕಮ್ಮಿಯಾಗಿದೆ ನಿಂಗೆ?"

"ಇಲ್ಲಿ ಎಲ್ರಿಗೂ ನಾನು ಗೊತ್ತು. ಅದಕ್ಕೆ ಯಾರೂ ಕೇಳಲ್ಲ."

ಜಗಳ ಏರಿತು. ಕೊನೆಗೆ ರಾಜಕುಮಾರನಿಗೆ ಪಣ ಒಡ್ಡುವ ಕಥೆಯ ರಾಣಿಯ ಹಾಗೆ ದಿಂಬಿಗೆ ಒರಗಿ ಹೇಳಿದಳು. "ಬರೋ ಶನಿವಾರದ ತನಕ ಟೈಮು. ಒಂಬತ್ತರಲ್ಲಿ ಐದು ಸರಿ ಬರೆ. ಇರ್ತೀನಿ."

ಮಾರ್ಚ್ 9, ಭಾನುವಾರ

ಸುದ್ದಿ ಅಡುಗೆಮನೆ ತಲುಪಿದೆ. ಅಂದರೆ ಎಲ್ಲ ಕೋಣೆಗೂ ತಲುಪಿದೆ. ನಾಲ್ಕನೇ ಕೋಣೆಯ ನಿವೃತ್ತ ಮೇಷ್ಟ್ರು ಹಲ್ಲುಸೆಟ್ಟು ಹಾಕಿಕೊಳ್ಳುವ ಮೊದಲೇ ಶುರು ಮಾಡಿದರು.

"ಏನಮ್ಮಾ, ಅಡುಗೆಯವ್ರೇ ಪಕ್ಕದ ಹೋಟ್ಲಿಗೆ ಊಟಕ್ಕೆ ಹೋದ್ರೆ ನಾವಿಲ್ಲಿ ಚಮಚ ಎತ್ತೋದು ಹೇಗೆ?"

"ನೀವು ಮೊದ್ಲು ಹಲ್ಲು ಹಾಕ್ಕೊಳ್ಳಿ ಮೇಷ್ಟ್ರೇ."

ನಗುತ್ತಾರೆ. ನಗಲಿ. ನಾಳೆ ಊರೇ ನಗುತ್ತದೆ. ಆಯಾಜ್ಜಿ ಮನೆಯ ಸೊಸೆ ಗಾಜಿನ ಪೆಟ್ಟಿಗೆಯಲ್ಲಿ! ನಮ್ಮ ಬೋರ್ಡು ಇಳಿಸಿ ಒಲೆಗೆ ಹಾಕಬಹುದು.

ಮಾರ್ಚ್ 11, ಮಂಗಳವಾರ

ಎರಡು ದಿನದಿಂದ ನೋಟ್‌ಬುಕ್ ಹಿಡಿದು ಅಮ್ಮನನ್ನು ಗಮನಿಸುತ್ತಿದ್ದೇನೆ. ಕಿಟಕಿಯಿಂದ, ಬಾಗಿಲ ಸಂದಿನಿಂದ, ಔಷಧಿಯ ಟ್ರೇ ಹಿಡಿದ ನೆಪದಲ್ಲಿ. ಊಟವಾದ ಮೇಲೆ ಎಡ ಮಗ್ಗುಲಿಗೆ ಮಲಗಿದಳು. ಎಡ ಅಂತ ಬರೆದುಕೊಂಡೆ. ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಬಲಕ್ಕೆ ತಿರುಗಿದಳು. ಹೊಡೆದುಹಾಕಿ ಬಲ ಅಂತ ಬರೆದೆ. ಕಣ್ಣು ಮುಚ್ಚಿಕೊಂಡೇ, "ಈಗ ಅಂಗಾತ" ಅಂದಳು.

ನೋಟ್‌ಬುಕ್ಕನ್ನು ಗೋಡೆಗೆ ಎಸೆದೆ. ಮೇಷ್ಟ್ರ ಕೋಣೆಯಿಂದ ಚಪ್ಪಾಳೆ ಕೇಳಿಸಿತು.

ಮಾರ್ಚ್ 13, ಗುರುವಾರ

ಮಗಳು ಉಪಕಾರ ಮಾಡುವವಳ ಹಾಗೆ ಬಂದಳು. "ಅಮ್ಮ, ಒಂದು ಬರ್ಕೋ. ಅಜ್ಜಿಗೆ ಕಣ್ಣಿಗೆ ದೀಪ ಆಗಲ್ಲ, ಆದ್ರೆ ಹಜಾರದ ದೀಪ ಬಾಗಿಲ ಕೆಳಗಿಂದ ಒಂದು ಗೆರೆ ಬರ್ಬೇಕು. ಇನ್ನೊಂದು, ಎಬ್ಬಿಸೋವಾಗ ಹೆಸರು ಹಿಡಿದು ಕರೀಬೇಕು. ಅಜ್ಜಿ ಅಂದ್ರೆ ಏಳಲ್ಲ."

"ನಿಂಗೆ ಹೇಗೆ ಗೊತ್ತು?"

"ಚಿಕ್ಕೋಳಿದ್ದಾಗ ಅಜ್ಜಿ ಜೊತೆ ಮಲಗ್ತಿದ್ನಲ್ಲ. ನೀನು ಕೆಳಗೆ ಇರ್ತಿದ್ದೆ."

ನಾನು ಕೆಳಗೆ ಇರುತ್ತಿದ್ದೆ! ಯಾರಿಗಾಗಿ ಇರುತ್ತಿದ್ದೆ? ಈ ಮನೆ ತಾನಾಗಿಯೇ ನಡೆಯಿತೇ? ಇಪ್ಪತ್ತಾರು ವರ್ಷದವಳು, ಆರೋಪ ಹೊರಿಸುತ್ತಿದ್ದೇನೆ ಅಂತ ಅವಳಿಗೇ ತಿಳಿಯದು. ಅದಕ್ಕೇ ಇನ್ನೂ ಉರಿಯಿತು. ಅವಳು ಹೇಳಿದ್ದೆರಡನ್ನೂ ಬರೆದುಕೊಂಡೆ ಅನ್ನುವುದು ಬೇರೆ ಮಾತು.

"ನಿನ್ನ ಬಗ್ಗೆ ಹಾಳೆ ತುಂಬಿಸೋಕೆ ನಂಗೆ ಅರ್ಧ ನಿಮಿಷ ಸಾಕು" ಅಂದಳು ಹೋಗುತ್ತಾ. "ಒಂಬತ್ತಕ್ಕೂ ಒಂದೇ ಉತ್ತರ. ಸಿಟ್ಟು."

ಮಾರ್ಚ್ 15, ಶನಿವಾರ

ಹಾಳೆ ಕೊಟ್ಟೆ. ಕೆಂಪು ಪೆನ್ನು ಬೇಕು ಅಂದಳು. ಕೊಟ್ಟೆ. ಪರೀಕ್ಷೆ ಬರೆದ ಮಗುವಿನ ಹಾಗೆ ಮಂಚದ ಪಕ್ಕ ನಿಂತಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

"ದೀಪ, ಸರಿ. ಹೆಸರು, ಸರಿ. ಇವೆರಡೂ ಮೊಮ್ಮಗಳ ಕೈವಾಡ. ನೀರು, ಸರಿ. ಎದ್ದ ಕೂಡ್ಲೇ ಕಪ್ಪು ಟೀ, ಸರಿ." ಆಮೇಲೆ ಒಂದೊಂದೇ ತಪ್ಪು. ಮಗ್ಗುಲು ತಪ್ಪು. ಹೆದರಿಕೆ ಅನ್ನುವಲ್ಲಿ 'ಯಾವುದಕ್ಕೂ ಇಲ್ಲ' ಅಂತ ಬರೆದಿದ್ದೆ. ಅದನ್ನು ಎರಡು ಸಲ ಹೊಡೆದುಹಾಕಿದಳು.

ಕೊನೆಯದು, ಅತ್ತರೆ ಯಾರನ್ನು ಕರೆಯಬೇಕು. 'ಮಗಳನ್ನು' ಅಂತ ಬರೆದಿದ್ದೆ. ಅದರ ಮೇಲೆ ಪೆನ್ನು ಬಹಳ ಹೊತ್ತು ನಿಂತಿತು.

"ಇದು ಅರ್ಧ."

"ಅರ್ಧ ಅಂದ್ರೆ?"

"ಕರೆದ್ರೆ ನೀನು ಬರ್ತೀಯ, ಅದು ಸರಿ. ನಾನು ಕರೆಯಲ್ಲ, ಅದು ತಪ್ಪು. ಒಟ್ಟು ನಾಲ್ಕೂವರೆ."

ಅರ್ಧಕ್ಕಾಗಿ ಹೆತ್ತ ಮಗಳನ್ನು ಫೇಲು ಮಾಡುವ ತಾಯಿ ಜಗತ್ತಿನಲ್ಲಿ ಇನ್ನೊಬ್ಬಳಿದ್ದರೆ ತೋರಿಸಲಿ. ಹೋಗು ಅಂದೆ. ಹೋದಳು. ಸಂಜೆ ಎದುರಿನವರ ಗಾಲಿಕುರ್ಚಿಯಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು, ರಸ್ತೆ ದಾಟಿ ಹೋದಳು. ಗಾಡಿಗಳನ್ನು ಕೈ ತೋರಿಸಿ ನಿಲ್ಲಿಸಿದವಳೂ ಅವಳೇ. ಮೇಷ್ಟ್ರು ಕಿಟಕಿಯಲ್ಲಿದ್ದರು. ಹಲ್ಲುಸೆಟ್ಟು ಕೈಯಲ್ಲೇ ಇತ್ತು.

ಮಾರ್ಚ್ 16, ಭಾನುವಾರ

ಮಗಳು ಅಲ್ಲಿಗೆ ಹೋಗಿ ನೋಡಿಕೊಂಡು ಬಂದಳು. ಕಾಲು ಮಾತ್ರ ಹೊದಿಕೆಯಿಂದ ಹೊರಗಿಟ್ಟು, ಎಡ ಮಗ್ಗುಲಿಗೆ ಮಲಗಿದ್ದಳಂತೆ. ಅಲ್ಲಿಯವರು ಹೇಗೆ ಕಂಡುಹಿಡಿದರು ಅಂತ ಕೇಳಿದೆ.

"ಕೇಳಿದ್ರಂತೆ."

"ಯಾರನ್ನ?"

"ಅಜ್ಜೀನ. ನೀನೂ ಕೇಳಬಹುದಿತ್ತಲ್ಲಮ್ಮ. ಕೇಳಬಾರ್ದು ಅಂತ ಅಜ್ಜಿ ಹೇಳಿದ್ರಾ?"

"ಹಾಳೆ ತುಂಬಿಸೋದು ತಂದು ಬಿಟ್ಟವರು! ಮಲಗಿದವರನ್ನ ಕೇಳೋದು ನಮ್ಮ ಪದ್ಧತಿ ಅಲ್ಲ."

"ಆಯಾಜ್ಜಿ ತಳ್ಕೊಂಡು ಬಂದ ಆ ಮೊದಲನೆಯವ್ರಿಗೆ ಮಾತು ಹೋಗಿತ್ತು. ಅಜ್ಜಿಗೆ ಮಾತು ಬರತ್ತಲ್ಲ, ಬೇಕಾದ್ದಕ್ಕಿಂತ ಜಾಸ್ತೀನೇ ಬರತ್ತೆ."

ಇದಕ್ಕೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಕೂಗಿದ್ದಂತೂ ನಿಜ.

ಮಾರ್ಚ್ 18, ಮಂಗಳವಾರ

ಆ ಹುಡುಗಿಯ ಮಾತು ಸುಳ್ಳು ಮಾಡಲೆಂದೇ ಮೇಷ್ಟ್ರ ಹಾಳೆ ತೆಗೆದುಕೊಂಡು ಅವರ ಮುಂದೆ ಕೂತೆ. ಆರು ವರ್ಷದ ಹಿಂದೆ ಅವರ ಸೊಸೆ ಬರೆದುಕೊಟ್ಟದ್ದು. 'ಕತ್ತಲೆಗೆ ಹೆದರುತ್ತಾರೆ, ದೀಪ ಆರಿಸಬೇಡಿ.'

"ಮೇಷ್ಟ್ರೇ, ನಿಮಗೆ ದೀಪ ಬೇಕೇಬೇಕು ಅಲ್ವಾ?"

"ನಂಗಾ? ಕಣ್ಣು ಕುಕ್ಕತ್ತೆ. ಟವೆಲ್ ಕಟ್ಕೊಂಡು ಮಲಗ್ತೀನಿ."

"ಆರು ವರ್ಷದಿಂದ?"

"ನಿಮ್ಮ ಮನೆ ನಿಯಮ ಅಂದ್ಕೊಂಡಿದ್ದೆ ಕಣಮ್ಮ. ಕತ್ತಲೆಗೆ ಹೆದರೋಳು ನನ್ನ ಸೊಸೆ."

ಮೊದಲು ಸೊಸೆಯ ಮೇಲೆ ಸಿಟ್ಟು ಬಂತು. ಆಮೇಲೆ ಬಾಯಿ ಮುಚ್ಚಿಕೊಂಡಿದ್ದ ಮೇಷ್ಟ್ರ ಮೇಲೆ. ಮಧ್ಯಾಹ್ನದ ಹೊತ್ತಿಗೆ ಆಯಾಜ್ಜಿಯ ಮೇಲೂ ಬಂತು, ಅವಳನ್ನು ಬೈದರೆ ಕೇಳಿಸಿಕೊಳ್ಳಲು ಅವಳಿಲ್ಲ. ಉಳಿದ ಹದಿಮೂರು ಕೋಣೆಗೂ ಹೋದೆ. ಹದಿಮೂರು ಹಾಳೆಯೂ ತಿದ್ದಿ ಗೀಚು ಗೀಚಾಗಿದೆ. ಊಟ ಮರೆತುಹೋಯಿತು.

ಅಮ್ಮನ ಶಾಲು ಇಲ್ಲೇ ಉಳಿದಿದೆ. ನಾಳೆ ಕೊಟ್ಟು ಬರಬೇಕು. ಮಗಳ ಕೈಲಿ ಕಳಿಸಿದರೆ ಎಲ್ಲಾದರೂ ಬೀಳಿಸುತ್ತಾಳೆ.

ಮಾರ್ಚ್ 19, ಬುಧವಾರ

ಗಾಜಿನ ಪೆಟ್ಟಿಗೆಯೊಳಗೆ ನೆಲ ಎಷ್ಟು ಜಾರುತ್ತದೆ ಅಂದರೆ, ನಮ್ಮಲ್ಲಿ ಹೀಗೆ ಒರೆಸಿದವರನ್ನು ಅಮ್ಮ ನಿಲ್ಲಿಸಿ ಬೈಯುತ್ತಿದ್ದಳು. ಭೇಟಿಯ ಸಮಯ ನಾಲ್ಕರಿಂದ ಐದು. ಅಮ್ಮ ಕಿಟಕಿಯ ಬಳಿ ಕೂತಿದ್ದಳು. ಅಲ್ಲಿಂದ ನಮ್ಮ ಬಾಗಿಲು ನೇರ ಕಾಣುತ್ತದೆ. ಶಾಲು ಕೊಟ್ಟೆ. ಕೂರು ಅಂದಳು. ಕೂತೆ.

ಎಲ್ಲೋ ಕರೆಗಂಟೆ ಕೇಳಿಸಿತು. ನಾನು ಎದ್ದು ನಿಂತಿದ್ದೆ.

"ಕೂತ್ಕೋ. ನಮ್ಮದಲ್ಲ" ಅಂದಳು. ಅವಳ ಕಾಲು ಅಲ್ಲಾಡಿರಲಿಲ್ಲ.

ಮೇಷ್ಟ್ರ ದೀಪದ ವಿಷಯ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

"ಆಸ್ಪತ್ರೇಲಿ ಮಲಗಿದ್ದಾಗ ನನ್ನ ತಲೆ ಮೇಲೇ ನಿನ್ನನ್ನ ಕೇಳಿದ್ರು, ಇವ್ರಿಗೆ ನೋವು ಎಷ್ಟಿದೆ ಅಂತ. ನೀನೂ ಹೇಳಿದೆ, ಪರವಾಗಿಲ್ಲ ಅಂತ. ಆಗ ಹೊಳೀತು ಕಣೇ. ನಲವತ್ತು ವರ್ಷ ನಾನೂ ಹಾಗೇ ಮಗನ್ನ ಕೇಳ್ದೆ, ಸೊಸೇನ ಕೇಳ್ದೆ. ಮಂಚದ ಮೇಲಿದ್ದವರು ನನ್ನ ಮುಖ ನೋಡ್ತಾನೇ ಇರ್ತಿದ್ರು."

"ಇದನ್ನ ಅಲ್ಲೇ ಬಾಯ್ಬಿಟ್ಟು ಹೇಳಬಹುದಿತ್ತಲ್ಲ!"

"ಹೇಳಿದ್ರೆ ನೀನು ಕೇಳ್ತಿದ್ಯಾ?"

ಇವಳನ್ನು ಏನು ಮಾಡಬೇಕು? ಊರೆಲ್ಲ ನಗುವ ಹಾಗೆ ಮಾಡಿ, ಈಗ ಹೇಳುತ್ತಾಳೆ. ಬರುವಾಗ ಬಾಚಣಿಗೆ ಸರಿಯಿಲ್ಲ ಅಂದಳು. ನಾಳೆ ಒಂದು ಒಯ್ಯಬೇಕು.

ಮಾರ್ಚ್ 20, ಗುರುವಾರ

ಬಾಚಣಿಗೆ ಒಯ್ದೆ. ಹಲ್ಲು ಚುಚ್ಚುತ್ತದಂತೆ.

ಮಾರ್ಚ್ 21, ಶುಕ್ರವಾರ

ಬೇರೆ ಬಾಚಣಿಗೆ. ಅದೂ ಚುಚ್ಚುತ್ತದಂತೆ. ತಲೆ ನಾನೇ ಬಾಚಿದೆ. ಮುಗಿಯುವಷ್ಟರಲ್ಲಿ ಐದಾಗಿತ್ತು. ಅಡುಗೆಯವಳು ಬಂದು ಸಂಜೆ ನಾಲ್ಕಕ್ಕೆ ಯಾವಾಗಲೂ ನೀವು ಸಿಗುವುದೇ ಇಲ್ಲ ಅಂತ ಮುಖ ಊದಿಸಿಕೊಂಡಳು. ಯಾವಾಗಲೂ ಅಂತೆ. ಮೂರೇ ದಿನ ಆಗಿದ್ದು.

ಮಾರ್ಚ್ 24, ಸೋಮವಾರ

ಈ ಎದುರು ಮನೆಯ ಮ್ಯಾನೇಜರನಿಗೆ ಬುದ್ಧಿ ಇಲ್ಲ. ಇದ್ದಿದ್ದರೆ ಇವತ್ತು ಮಾಡಿದ್ದನ್ನು ಮಾಡುತ್ತಿರಲಿಲ್ಲ.

ತಲೆ ಬಾಚುತ್ತಿದ್ದೆ. ನೀನು ಯಾವುದಕ್ಕೆ ಹೆದರುತ್ತೀಯ ಅಂತ ಅಮ್ಮನನ್ನು ಕೇಳಿದೆ. ಹಾಳೆಗಾಗಿ ಅಲ್ಲ, ಸುಮ್ಮನೆ ಬಾಯಿಗೆ ಬಂತು. ಅಮ್ಮ ಕಿಟಕಿಯಾಚೆ ನಮ್ಮ ಬಾಗಿಲು ನೋಡಿದಳು. ಆಮೇಲೆ ಹೇಳಿದಳು, ಕಥೆ ಹೇಳುವವರ ಹಾಗೆ, ಎಲ್ಲೂ ಅವಸರವಿಲ್ಲದೆ.

"ನಿಂಗೆ ಆಗ ಎರಡು ವರ್ಷ. ಒಂದಿನ ನೀನು ಬಿದ್ದು ಅಳ್ತಿದ್ದೆ. ನಾನು ಎತ್ಕೊಳ್ಳೋಕೆ ಬಂದ್ರೆ ನನ್ನ ದಾಟ್ಕೊಂಡು ಏಳನೇ ಕೋಣೆಗೆ ಓಡಿದೆ. ಮಾರನೇ ದಿನ ನಾನು ಒಂದು ಚೀಲಕ್ಕೆ ಬಟ್ಟೆ ತುಂಬಿದೆ. ಈ ಮನೆ ಬೇಡ, ಈ ಗಂಟೆ ಬೇಡ ಅಂತ. ನಿನ್ನ ಸೊಂಟದ ಮೇಲೆ ಕೂರಿಸ್ಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ನಿಮ್ಮಪ್ಪಂಗೂ ಹೇಳ್ಲಿಲ್ಲ. ನೀನು ದಾರಿಯೆಲ್ಲ ನನ್ನ ಕಿವಿ ಹಿಡ್ಕೊಂಡಿದ್ದೆ. ಬೆಂಚಿನ ಮೇಲೆ ಕೂತ್ವಿ. ಆಗ—"

"ಮೇಡಂ, ಟೈಮ್ ಆಯ್ತು."

ಬಾಗಿಲಲ್ಲಿ ಮ್ಯಾನೇಜರ್. ಕೈಗಡಿಯಾರ ತೋರಿಸುತ್ತಿದ್ದಾನೆ.

"ಎರಡು ನಿಮಿಷ" ಅಂದೆ.

"ಎಲ್ರಿಗೂ ಒಂದೇ ನಿಯಮ ಮೇಡಂ. ನಿಮ್ಮಲ್ಲೂ ಇಷ್ಟೇ ಅಲ್ವಾ?"

ನಾನು ಅವನಿಗೆ ಏನೇನು ಅಂದೆ ಅಂತ ಇಲ್ಲಿ ಬರೆಯುವುದಿಲ್ಲ. ಮೂವತ್ತು ವರ್ಷದಿಂದ ನಾನೇ ಎಷ್ಟೋ ಜನರನ್ನು ಐದು ಗಂಟೆಗೆ ಎಬ್ಬಿಸಿ ಕಳಿಸಿದ್ದೇನೆ. ಅವರಲ್ಲಿ ಒಬ್ಬರೂ ನನ್ನ ಕೆನ್ನೆಗೆ ಹೊಡೆಯಲಿಲ್ಲವಲ್ಲ! ನಾಳೆ ಬೆಳಿಗ್ಗೆಯೇ ನಮ್ಮ ಬಾಗಿಲಿನ ಆ ಭೇಟಿಯ ಸಮಯದ ಬೋರ್ಡು ಕಿತ್ತು ಹಾಕಿಸುತ್ತೇನೆ. ಮನುಷ್ಯರು ಮಾತಾಡುವುದನ್ನು ಗಡಿಯಾರ ತೋರಿಸಿ ನಿಲ್ಲಿಸುವುದು ಯಾವ ನ್ಯಾಯ?

ಅಮ್ಮನಾದರೂ ಒಂದು ಮಾತು ಮುಗಿಸಬಹುದಿತ್ತು. ಜಡೆಯನ್ನು ಮುಂದಕ್ಕೆ ಎಳೆದುಕೊಂಡು, "ಹೋಗು, ನಾಳೆ ಬಾ" ಅಂದಳು.

ನಾಳೆಯಂತೆ! ಬಸ್ಸು ಬಂತೇ? ಹತ್ತಿದೆವೇ? ಹತ್ತಿದ್ದರೆ ಎಲ್ಲಿ ಇಳಿದೆವು? ಹತ್ತದೆ ಇದ್ದರೆ ಯಾಕೆ? ಐವತ್ತು ವರ್ಷ ಆ ಬೆಂಚಿನ ಮೇಲೆ ಕೂತಿದ್ದೆ ಅಂತ ನನಗೆ ಗೊತ್ತೇ ಇರಲಿಲ್ಲ. ಈಗ ಗೊತ್ತು ಮಾಡಿಸಿ, ಅಲ್ಲೇ ಕೂರಿಸಿ ಕಳಿಸಿದ್ದಾಳೆ. ನಾಳೆ ನಾಲ್ಕಕ್ಕೆ ಹೋಗುವುದಿಲ್ಲ. ಮೂರೂವರೆಗೇ ಹೋಗಿ ಆ ಗಾಜಿನ ಬಾಗಿಲಿಗೆ ಮೂಗು ಒತ್ತಿ ನಿಲ್ಲುತ್ತೇನೆ. ಊರು ನೋಡಿ ನಗಲಿ.